ವೈರ್ ಬದಲಿಸಿದರೆ ಸಾಲದು, ಇಲಿ ಮತ್ತೆ ಬರುತ್ತದೆ

ಕಾರನ್ನು ದಿನಗಟ್ಟಲೆ ಓಡಿಸದೆ ನಿಲ್ಲಿಸುವವರು ದಯವಿಟ್ಟು ಇದನ್ನು ಓದಿ. ಒಂದೇ ತಿಂಗಳಲ್ಲಿ ನನ್ನ ಕಾರಿನೊಳಗೆ ಇಲಿ ಎರಡು ಸಲ ಹೊಕ್ಕಿತು. ಮೊದಲ ಸಲ ದುಡ್ಡು ಹೋಯಿತು. ಎರಡನೇ ಸಲ ಕಾರಿಗೇ ಬೆಂಕಿ ಬೀಳುವುದಿತ್ತು. ಆ ಎರಡನೆಯದನ್ನು ನಾನು ಖಂಡಿತ ತಡೆಯಬಹುದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಸುಳಿವು ಮೊದಲೇ ಸಿಕ್ಕಿತ್ತು. ವೈಪರ್ ನೀರು ತುಂಬಲು ಬಾನೆಟ್ ಎತ್ತಿದಾಗ ಬ್ಯಾಟರಿಯ ಮೇಲೆ ಇಲಿ ಹಿಕ್ಕೆ ಬಿದ್ದಿತ್ತು. ಬರಿಗೈಯಲ್ಲೇ ಸವರಿ ಕೆಳಗೆ ಹಾಕಿದೆ. ನೀರು ತುಂಬಿದರೂ ಗಾಜಿಗೆ ಚಿಮ್ಮಲಿಲ್ಲ. ತೂತಿನಲ್ಲಿ ಧೂಳು ಕಟ್ಟಿರಬೇಕು, ಆಮೇಲೆ ನೋಡೋಣ ಎಂದು ಬಿಟ್ಟೆ. ಇಲಿ ಆಗಲೇ ಆ ನೀರಿನ ಪೈಪನ್ನು ಕಡಿದು ತುಂಡು ಮಾಡಿತ್ತು ಎಂದು ಗೊತ್ತಾಗಿದ್ದು ಬಹಳ ತಡವಾಗಿ. ಅದಾದ ಮೇಲೆ ಕಾರು 11 ದಿನ ನಿಂತಲ್ಲೇ ನಿಂತಿತ್ತು.

ಹನ್ನೆರಡನೇ ದಿನ ಸ್ಟಾರ್ಟ್ ಆಯಿತು, ಆದರೆ ಎಂಜಿನ್ ನಡುಗುತ್ತಿತ್ತು. ಚೆಕ್ ಎಂಜಿನ್ ದೀಪ ಹತ್ತಿತ್ತು. ತುಸು ದೂರ ಹೋದರೆ ಸರಿಯಾಗಬಹುದೆಂದು ಓಡಿಸಿಕೊಂಡು ಹೋದೆ. ದಟ್ಟ ವಾಹನಗಳ ನಡುವೆ, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ದೀಪ, ಸ್ಟೀರಿಂಗ್ ದೀಪ ಒಟ್ಟಿಗೆ ಹತ್ತಿದವು, ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಎರಡೂ ಕೈ ಹಾಕಿ ತಿರುಗಿಸಿ ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ನಡುಗುವ ಎಂಜಿನ್ನನ್ನು ಹಾಗೆ ರಸ್ತೆಗೆ ತರಲೇಬಾರದಿತ್ತು.

ಬಾನೆಟ್ ತೆಗೆದ ಮೆಕ್ಯಾನಿಕ್ ಬೆರಳು ತೋರಿಸಿ, "ಸರ್, ಇಲ್ಲಿ ಮನೆ ಮಾಡಿದೆ ನೋಡಿ" ಎಂದ. ಬಾನೆಟ್ಟಿನ ಒಳಮೈಗೆ ಅಂಟಿಸಿದ ಶಬ್ದ ತಡೆಯುವ ಹೊದಿಕೆಯನ್ನು ಹರಿದು ತಂದು ಎಂಜಿನ್ ಮೇಲೆ ಗೂಡು ಕಟ್ಟಿತ್ತು. ಎಂಜಿನ್ನಿನೊಳಗೆ ಪೆಟ್ರೋಲ್ ಸಿಂಪಡಿಸುವ ಒಂದು ಇಂಜೆಕ್ಟರ್‌ನ ವೈರ್ ತುಂಡಾಗಿತ್ತು. ಇನ್ನೊಂದು ಕಡೆ ಎರಡು ತೆಳು ವೈರ್‌ಗಳ ಹೊದಿಕೆ ಹೋಗಿ ತಾಮ್ರ ಕಾಣುತ್ತಿತ್ತು. ಈಗಿನ ಕಾರುಗಳಲ್ಲಿ ಎಂಜಿನ್, ಬ್ರೇಕ್, ಸ್ಟೀರಿಂಗ್ ಇವುಗಳ ಕಂಪ್ಯೂಟರ್‌ಗಳೆಲ್ಲ ಸುದ್ದಿ ಸಾಗಿಸುವುದು ಒಂದಕ್ಕೊಂದು ಹೆಣೆದ ಇಂಥ ಎರಡು ವೈರ್‌ಗಳಲ್ಲಿ. ಕ್ಯಾನ್ ಬಸ್ ಎನ್ನುತ್ತಾರೆ. ಅಲ್ಲಿ ಹಲ್ಲು ಬಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ದೀಪಗಳು ಸಾಲಾಗಿ ಹತ್ತುತ್ತವೆ. ಇದನ್ನು ಬರೀ ತಿರುಚಿ ಟೇಪ್ ಸುತ್ತಿ ಕೊಟ್ಟರೆ ಒಪ್ಪಬೇಡಿ. ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗಿ ಅಂಟುವ ತೋಳು ಹೊದಿಸಿ, ಮೊದಲಿದ್ದ ಹೆಣಿಗೆಯಲ್ಲೇ ಕೂರಿಸಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕಿಲುಬು ಹಿಡಿದು ಮತ್ತೆ ತೊಂದರೆ ಕೊಡುತ್ತದೆ.

ವೈರಿಂಗ್ ಸರಿಯಾಯಿತು, ಗೂಡನ್ನು ಕಿತ್ತೆಸೆದರು, ಕಾರು ಮನೆಗೆ ಬಂತು. ನಾನು ಅದನ್ನು ಮತ್ತೆ ಅದೇ ಮೂಲೆಯಲ್ಲಿ, ಅದೇ ಪೊದೆಯ ಪಕ್ಕದಲ್ಲಿ ನಿಲ್ಲಿಸಿದೆ. ನನ್ನ ದೊಡ್ಡ ತಪ್ಪು ಇದು.

ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪೆಟ್ರೋಲ್ ವಾಸನೆ ಬಡಿಯಿತು. ಬಗ್ಗಿ ನೋಡಿದರೆ ನೆಲದ ಮೇಲೆ ಅಂಗೈ ಅಗಲದ ಒದ್ದೆ. ಕೀಲಿ ತಿರುಗಿಸದೆ ಹಿಂದೆ ಸರಿದೆ. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪೈಪಿನ ಮೇಲೆ ಜೋಡಿ ಹಲ್ಲಿನ ಗೀರು ಸಾಲಾಗಿದ್ದವು, ಒಂದು ಕಡೆ ತೂತೇ ಬಿದ್ದಿತ್ತು. ಕೀಲಿ ಹಾಕಿದ ಕೂಡಲೇ ಪಂಪು ಆ ಪೈಪಿಗೆ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ, ಅದು ನೇರ ಎಂಜಿನ್ ಮೇಲೆ ಚಿಮ್ಮುತ್ತಿತ್ತು. ಸುತ್ತಲೂ ಹೊದಿಕೆ ಕಿತ್ತ ವೈರ್‌ಗಳಿದ್ದರೆ ಒಂದು ಕಿಡಿ ಸಾಕು. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಹೊರಡುವವನಿದ್ದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಯಾಕೆ ಮತ್ತೆ ಬಂತು? ಇಲಿ ಓಡಾಡಿದ ದಾರಿಯುದ್ದಕ್ಕೂ ಮೂತ್ರ ಬಿಡುತ್ತದೆ. ಆ ವಾಸನೆ ಬೇರೆ ಇಲಿಗಳಿಗೆ ಇದು ಸುರಕ್ಷಿತ ಜಾಗ ಎಂದು ಹೇಳುತ್ತದೆ. ನಾವು ಗೂಡು ತೆಗೆದೆವು, ವಾಸನೆಯನ್ನು ಹಾಗೇ ಬಿಟ್ಟೆವು. ಅದಕ್ಕೆ ಬೇಕಾದ ಕತ್ತಲೆ, ಬೆಚ್ಚಗಿನ ಎಂಜಿನ್, ಪಕ್ಕದಲ್ಲೇ ಪೊದೆ ಎಲ್ಲವೂ ಇದ್ದೇ ಇದ್ದವು. ಸೋಯಾ ಬೆರೆಸಿದ ವೈರ್ ಹೊದಿಕೆಯ ರುಚಿಗೆ ಇಲಿ ಬರುತ್ತದೆ ಎಂಬ ಮಾತಿದೆ, ಅಮೆರಿಕದಲ್ಲಿ ಅದು ನ್ಯಾಯಾಲಯದವರೆಗೂ ಹೋಗಿದೆ. ಆದರೆ ಹಳೆಯ ಪ್ಲಾಸ್ಟಿಕ್ ಹೊದಿಕೆಯನ್ನೂ ಇಲಿ ಬಿಟ್ಟಿದ್ದಿಲ್ಲ. ಅದರ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಏನನ್ನಾದರೂ ಕಡಿಯುತ್ತಲೇ ಇರುವುದು ಅದರ ಸ್ವಭಾವ.

ಹಾಗಾಗಿ ರಿಪೇರಿಗಿಂತ ಮೊದಲು ತೊಳೆಯುವ ಕೆಲಸ ಆಗಬೇಕು. ನನ್ನ ಹಾಗೆ ಬರಿಗೈ ಹಾಕಬೇಡಿ. ಇಲಿ ಜ್ವರ ಹರಡುವುದೇ ಇಲಿಯ ಮೂತ್ರದಿಂದ, ಕೈಯಲ್ಲಿ ಸಣ್ಣ ಗಾಯವಿದ್ದರೂ ಅಪಾಯ. ಬಾಗಿಲು, ಬಾನೆಟ್ ತೆರೆದು 20 ನಿಮಿಷ ಗಾಳಿಯಾಡಲು ಬಿಡಿ, ಬ್ಯಾಟರಿಯ ಸಂಪರ್ಕ ತೆಗೆಯಿರಿ, ರಬ್ಬರ್ ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ. ಒಣ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಿಡಿಯಬೇಡಿ, ಧೂಳಾಗಿ ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು ಕಾಗದದಿಂದ ಒರೆಸಿ ತೆಗೆಯಿರಿ. ಬ್ಲೀಚ್ ಲೋಹವನ್ನು ತಿನ್ನುತ್ತದೆ, ಆದ್ದರಿಂದ ವೈರ್‌ಗಳು ಕೂಡುವ ಕಡೆ ಅದು ಬೇಡ. ಅಲ್ಲಿ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಎಸಿ ಫಿಲ್ಟರ್ ಬಿಚ್ಚಿ ನೋಡುವುದನ್ನು ಮರೆಯಬೇಡಿ. ನನ್ನ ಕಾರಿನಲ್ಲಿ ಎರಡನೇ ಗೂಡು ಇದ್ದದ್ದು ಅಲ್ಲೇ. ಅಷ್ಟು ದಿನವೂ ನಾವು ಉಸಿರಾಡಿದ್ದು ಅದರ ಮೇಲಿಂದ ಬಂದ ಗಾಳಿ.

ಆಮೇಲೆ ದಾರಿ ಮುಚ್ಚಬೇಕು. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದಿ ಸಾಕು. ಅದಕ್ಕಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ವೈಪರ್ ಕೆಳಗಿನ ಗಾಳಿದಾರಿಗೂ ಏರ್ ಫಿಲ್ಟರ್ ಬಾಯಿಗೂ ಮೆಕ್ಯಾನಿಕ್ ಕೈಯಲ್ಲೇ ಬಿಗಿಸಿ. ಬೆಲ್ಟ್, ಫ್ಯಾನ್, ಸೈಲೆನ್ಸರ್ ಹತ್ತಿರ ಏನನ್ನೂ ಕಟ್ಟಬೇಡಿ. ಸಂದಿಗೆ ಸ್ಟೀಲ್ ನಾರು ತುರುಕುವುದೂ ಬೇಡ, ಎಳೆ ಉದುರಿ ಬ್ಯಾಟರಿ ತುದಿಗೆ ತಾಗಿದರೆ ಅದೇ ಶಾರ್ಟ್ ಆಗುತ್ತದೆ. ಎಂಜಿನ್ ಕೋಣೆಯನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಆದ್ದರಿಂದ ಮುಖ್ಯವಾದ ವೈರ್‌ಗಳಿಗೆ ಖಾರದ ಟೇಪ್ ಸುತ್ತಿಸಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಬೆರೆಸಿದ ಇಂಥ ಟೇಪನ್ನು ಹೋಂಡಾ ಕಂಪನಿಯೇ ಮಾರುತ್ತದೆ.

ಉಳಿದ ಉಪಾಯಗಳ ಬಗ್ಗೆ ನನ್ನ ಅಭಿಪ್ರಾಯ ಕಡುವಾಗಿಯೇ ಇದೆ. ಮೊದಲ ರಿಪೇರಿಯ ನಂತರ ನಾನು ಇಟ್ಟದ್ದು ನುಸಿಗುಳಿಗೆ ಮತ್ತು ಹೊಗೆಸೊಪ್ಪು. ಇಲಿ ಹೊಸ ವಸ್ತುವಿಗೆ ಕೆಲವು ದಿನ ಹೆದರುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ. ಆ ಕೆಲವು ದಿನ ನೋಡಿ ಗೆದ್ದೆ ಅಂದುಕೊಂಡೆ. ನುಸಿಗುಳಿಗೆಯ ವಿಷದ ಆವಿ ಮಾತ್ರ ಎಸಿ ದಾರಿಯಿಂದ ನಮ್ಮ ಮೂಗಿಗೇ ಬರುತ್ತಿತ್ತು. ಸೀಮೆಎಣ್ಣೆ, ಡೀಸೆಲ್ ಬಳಿಯುವವರಿದ್ದಾರೆ. ಅದು ರಬ್ಬರನ್ನು ಉಬ್ಬಿಸುತ್ತದೆ, ಬೆಂಕಿಗೂ ದಾರಿ. ಕಿವಿಗೆ ಕೇಳದ ಸದ್ದು ಮಾಡುವ ಯಂತ್ರಗಳನ್ನು ನಂಬಿ ಕೂರಬೇಡಿ. ಅವುಗಳನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ, ಹೇಳಿಕೊಳ್ಳುವ ಗುಣಕ್ಕೆ ವೈಜ್ಞಾನಿಕ ಪುರಾವೆ ಇರಲೇಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ಇಲಿ ಪಾಷಾಣವನ್ನಂತೂ ಕಾರಿನಲ್ಲಿ ಇಡಲೇಬೇಡಿ. ವಿಷ ತಿಂದ ಇಲಿ ಕೈಗೆಟುಕದ ಸಂದಿಯಲ್ಲಿ ಸತ್ತು ಕೊಳೆಯುತ್ತದೆ, ಹೊರಗೆ ಸತ್ತರೆ ಅದನ್ನು ತಿಂದ ಬೆಕ್ಕು, ಗೂಬೆಗೂ ವಿಷ ಏರುತ್ತದೆ.

ವಿಮೆಯ ಪತ್ರವನ್ನು ಇವತ್ತೇ ತೆಗೆದು ಓದಿ. ಎದುರಿನವರ ನಷ್ಟಕ್ಕೆ ಮಾತ್ರ ಇರುವ ವಿಮೆ ಇಲಿ ಕಡಿದದ್ದಕ್ಕೆ ಒದಗುವುದಿಲ್ಲ, ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ಒದಗುವುದಿಲ್ಲ. ತೊಳೆಯುವುದಕ್ಕೂ ರಿಪೇರಿಗೂ ಮುಂಚೆಯೇ ಹಲ್ಲಿನ ಗುರುತು, ಹಿಕ್ಕೆ, ಗೂಡು ಎಲ್ಲದರ ಫೋಟೋ ತೆಗೆದಿಡಿ.

ಈಗ ಪೊದೆ ಕಡಿಸಿದ್ದೇನೆ, ಕಾರಿನ ಜಾಗ ಬದಲಿಸಿದ್ದೇನೆ. ರಾತ್ರಿ ಬಾನೆಟ್ ಎತ್ತಿಟ್ಟು ಹತ್ತಿರ ಒಂದು ದೀಪ ಹಾಕುತ್ತೇನೆ, ಬೆಳಕಿರುವಲ್ಲಿ ಗೂಡು ಕಟ್ಟಲು ಇಲಿ ಹಿಂಜರಿಯುತ್ತದೆ. ಗೋಡೆಗೆ ಒತ್ತಿಕೊಂಡು ಓಡುವ ಪ್ರಾಣಿಯಾದ್ದರಿಂದ ಬೋನುಗಳನ್ನು ಗೋಡೆಯ ಬುಡದಲ್ಲೇ ಇಟ್ಟಿದ್ದೇನೆ. ಕಾರು ಎಷ್ಟೇ ದಿನ ಬೇಡವೆನಿಸಿದರೂ ದಿನ ಬಿಟ್ಟು ದಿನ ತೆಗೆದು ಓಡಿಸುತ್ತೇನೆ, ಅದಕ್ಕೂ ಮುಂಚೆ ಬಗ್ಗಿ ನೆಲ ನೋಡುತ್ತೇನೆ. ಮಲಗುವ ಮುನ್ನ ನಾಲ್ಕೂ ಚಕ್ರಗಳ ಸುತ್ತ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸುತ್ತೇನೆ. ಇಲಿ ಬಂದಿದ್ದರೆ ಬೆಳಿಗ್ಗೆ ಹೆಜ್ಜೆ ಕಾಣುತ್ತದೆ. ನಿನ್ನೆ ರಾತ್ರಿಯ ಪುಡಿಯಲ್ಲಿ ಎಡ ಚಕ್ರದವರೆಗೆ ಬಂದು ಹಿಂತಿರುಗಿದ ಗುರುತಿತ್ತು. ಒಂದು ಬೋನನ್ನು ಆ ಕಡೆಗೆ ಸರಿಸಿದ್ದೇನೆ.