ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಏನು ಕೊಳ್ಳಬೇಕು? ನಾಲ್ಕು ಥರ ಹಾಕಿ ನೋಡಿದ ಲೆಕ್ಕ

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿ ಪುಸ್ತಕ, ಅರ್ಜಿ ಟೈಪಿಂಗ್ ನನ್ನ ಕೆಲಸ. 2016ರಿಂದ ಮಾಡಿದ್ದೆಲ್ಲ ಒಂದೇ ಒಂದು 500 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ ಕೂತಿತ್ತು. ಹೋದ ವರ್ಷ ಏಪ್ರಿಲ್‌ನಲ್ಲಿ, ಲಗ್ನದ ಸೀಸನ್ ಜೋರಾಗಿರುವಾಗಲೇ ಅದು ಕೈಕೊಡಲು ಶುರು ಮಾಡಿತು. ಬದಲಿಗೆ ಏನು ಹಾಕಬೇಕು ಅಂತ ಹತ್ತು ಜನ ಹತ್ತು ಥರ ಹೇಳಿದರು. ಕೊನೆಗೆ ನಾಲ್ಕು ಥರದ್ದನ್ನು ಅದೇ ಸಿಸ್ಟಮ್‌ಗೆ ಹಾಕಿ, ಮೊಬೈಲ್‌ನಲ್ಲಿ ಟೈಮ್ ಇಟ್ಟು ನೋಡಿದೆ. ಹಳೆ ಸಿಸ್ಟಮ್ ಇಟ್ಟುಕೊಂಡು ದುಡಿಯುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಗೊತ್ತಾಗಿದ್ದು ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್‌ನಲ್ಲಿ. ಅರ್ಧ ನಿಮಿಷದಲ್ಲಿ ತೆರೆಯುತ್ತಿದ್ದ ಫೈಲ್‌ಗೆ ಎರಡು ನಿಮಿಷ ಬೇಕಾಯಿತು. ಮೌಸ್ ನಡುವೆಯೇ ನಿಂತುಬಿಡುತ್ತಿತ್ತು. ಸಿಪಿಯು ಮುಂದಿನ ಕೆಂಪು ಲೈಟ್ ಆರುತ್ತಲೇ ಇರಲಿಲ್ಲ. ವೈರಸ್ ಇರಬೇಕು ಅಂದುಕೊಂಡೆ. ರಿಪೇರಿ ಹುಡುಗ ಬಂದು ಸ್ವಲ್ಪ ಹೊತ್ತು ನೋಡಿದ. "ಅಕ್ಕಾರ, ಇದು ವಿಂಡೋಸ್ ತಪ್ಪಲ್ರಿ. ಡಿಸ್ಕೇ ಹೊಂಟೈತಿ. ಯಾರರ ಫಾರ್ಮ್ಯಾಟ್ ಹೊಡೀತೀನಿ ಅಂದ್ರ ಕೈ ಹಚ್ಚಾಕ ಬಿಡಬ್ಯಾಡ್ರಿ" ಅಂದ.

ಅವನು ಹಾಕಿ ತೋರಿಸಿದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಫ್ರೀ ಸಾಫ್ಟ್‌ವೇರ್. ಡಿಸ್ಕ್ ಚೆನ್ನಾಗಿದ್ದರೆ ನೀಲಿ ತೋರಿಸುತ್ತದೆ. ನನ್ನದು ಹಳದಿ. ಅಲ್ಲಿ ಉದ್ದದ ಪಟ್ಟಿ ಇರುತ್ತದೆ, ಹೆದರಬೇಡಿ. ನೋಡಬೇಕಾದ ಸಾಲು ಮೂರೇ: 05, ಸಿ5, ಸಿ6. 05 ಅಂದರೆ ಕೆಟ್ಟ ಜಾಗ ಬಿಟ್ಟು ಡಿಸ್ಕ್ ತನ್ನ ಮೀಸಲು ಜಾಗ ಎಷ್ಟು ಬಳಸಿದೆ ಅನ್ನುವ ಲೆಕ್ಕ. ಸಿ5 ಅಂದರೆ ಓದಲಾಗದೆ ತಕರಾರಿನಲ್ಲಿ ಬಿದ್ದಿರುವ ಜಾಗಗಳು. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗಲೂ ಸರಿಯಾಗದ ಜಾಗಗಳು. ಅಲ್ಲಿನ ಅಂಕಿ ನಾವು ಎಣಿಸುವ ಹತ್ತರ ಲೆಕ್ಕದಲ್ಲಿ ಇರುವುದಿಲ್ಲ, ಹದಿನಾರರ ಲೆಕ್ಕದಲ್ಲಿ ಇರುತ್ತದೆ. ನನ್ನ ಸಿ5 ಎದುರು 28 ಅಂತ ಇತ್ತು, ಅಂದರೆ 40. ಮೂರು ದಿನ ಬಿಟ್ಟು ನೋಡಿದರೆ 98, ಅಂದರೆ 152. ಅಂಕಿ ಒಂದೇ ಕಡೆ ನಿಂತಿದ್ದರೆ ಸ್ವಲ್ಪ ಉಸಿರಾಡಬಹುದು. ಹೀಗೆ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಇನ್ನೊಂದು ದಿನವೂ ಕೆಲಸ ಮಾಡಬಾರದು.

ಇನ್ನೊಂದು ಸಾಲು ಸಿ7. ಅದೊಂದೇ ಏರುತ್ತಿದ್ದರೆ ಬಹಳ ಸಲ ತಪ್ಪು ಡಿಸ್ಕ್‌ದಲ್ಲ, ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ದು. ಹೊಸ ಡಿಸ್ಕ್‌ಗೆ ಸಾವಿರಾರು ರೂಪಾಯಿ ಹಾಕುವ ಮೊದಲು ನೂರು ರೂಪಾಯಿ ಒಳಗಿನ ಕೇಬಲ್ ಬದಲಿಸಿ ನೋಡಿ.

ಡೇಟಾ ಹೊರಗೆ ತೆಗೆಯುವುದರಲ್ಲಿ ನಾನು ಎರಡು ದಾರಿ ಹಿಡಿದೆ. ಮೊದಲನೆಯದು ಸುಮ್ನೆ ಕಾಪಿ, ಪೇಸ್ಟ್. ಒಂದು ಫೋಲ್ಡರ್‌ನಲ್ಲಿ ಕೆಟ್ಟ ಜಾಗ ಸಿಕ್ಕಿದ ಕೂಡಲೇ ವಿಂಡೋಸ್ ಅಲ್ಲೇ ನಿಂತಿತು. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ಡಿಸ್ಕ್‌ಗೆ ಇನ್ನಷ್ಟು ಪೆಟ್ಟು. ಎರಡನೆಯದು ಡಿಡಿರೆಸ್ಕ್ಯೂ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನಡೆಸುವ ಪ್ರೋಗ್ರಾಮ್ ಅದು. ಸಲೀಸಾಗಿ ಬರುವ ಜಾಗ ಮೊದಲು ಓದಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಆಯಿತು ಅಂತ ಒಂದು ಮ್ಯಾಪ್‌ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು.

ಇಲ್ಲಿ ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಆ ಮ್ಯಾಪ್‌ಫೈಲ್‌ನ್ನು ಲೈವ್ ಲಿನಕ್ಸ್ ಒಳಗೇ ಉಳಿಸಿದ್ದೆ. ಅದು ಇರುವುದು ರ್‍ಯಾಮ್‌ನಲ್ಲಿ. ಆರು ತಾಸು ನಡೆದ ಮೇಲೆ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಹದಿನೈದು ನಿಮಿಷ ತಡೆದು ಕೈಬಿಟ್ಟಿತು. ಮ್ಯಾಪ್‌ಫೈಲ್ ಹೋಯಿತು, ಮೊದಲಿಂದ ಶುರು. ಸಾಯುತ್ತಿರುವ ಡಿಸ್ಕ್‌ನ್ನು ಎರಡು ಸಲ ಓದಿಸಿದ ಸಂಕಟ ಇನ್ನೂ ಇದೆ. ಮ್ಯಾಪ್‌ಫೈಲ್ ಬೇರೆ ಪೆನ್‌ಡ್ರೈವ್‌ನಲ್ಲೇ ಇರಲಿ. ಎರಡನೇ ಸಲ 19 ತಾಸು ಹಿಡಿಯಿತು. ಕೊನೆಗೆ ಓದಲಾಗದೆ ಉಳಿದದ್ದು ಒಂದೂವರೆ ಎಂಬಿಗಿಂತ ಕಡಿಮೆ. ಎರಡು ಕರಪತ್ರ, ಒಂದು ಬ್ಯಾನರ್ ಹೋದವು. ಉಳಿದದ್ದು ಬಂತು.

ಅಷ್ಟರಲ್ಲಿ ಒಬ್ಬರು ಡಿಸ್ಕ್‌ನ್ನು ಫ್ರಿಜ್‌ನಲ್ಲಿಡಿ ಅಂದರು. ದಯವಿಟ್ಟು ಬೇಡ. ನಮ್ಮ ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದ ಚೊಂಬಿನ ಮೇಲೆ ನೀರು ಹೇಗೆ ಕೂರುತ್ತದೆ ನೋಡಿದ್ದೀರಲ್ವಾ? ಡಿಸ್ಕ್ ಒಳಗೂ ಹಾಗೆಯೇ ತೇವ ಕೂರುತ್ತದೆ. ಮುಚ್ಚಳ ಬಿಚ್ಚುವುದೂ ಬೇಡ. ಡೇಟಾ ಓದುವ ಹೆಡ್ ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓಡುತ್ತದೆ, ಅದಕ್ಕೆ ನಮ್ಮ ರಸ್ತೆಯ ಒಂದು ಧೂಳಿನ ಕಣವೂ ಗುಡ್ಡದ ಹಾಗೆ. ಟಕ್ ಟಕ್ ಅಂತ ಬಡಿಯುವ ಶಬ್ದ ಬರುತ್ತಿದ್ದರಂತೂ ಡಿಡಿರೆಸ್ಕ್ಯೂ ಕೂಡ ಬೇಡ. ಸ್ವಿಚ್ ಆಫ್ ಮಾಡಿ ರಿಕವರಿ ಲ್ಯಾಬ್‌ಗೇ ಕೊಡಬೇಕು.

ಈಗ ಹೋಲಿಕೆಗೆ ಬರುತ್ತೇನೆ. ಸಿಸ್ಟಮ್ ನಾಲ್ಕನೇ ಜನರೇಶನ್ ಐ3, ಎಚ್81 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್. ಎಲ್ಲದಕ್ಕೂ ಅದೇ ವಿಂಡೋಸ್, ಅದೇ ಕೋರೆಲ್, ಅದೇ ನಾಲ್ಕು ಪುಟದ ಲಗ್ನಪತ್ರಿಕೆ ಫೈಲ್.

ಮೊದಲು ಬಂದದ್ದು ಹಳೆಯ ಮಾಲು. ಅಂಗಡಿಯವರು "ಹೊಸದರಂಗ ಐತ್ರಿ ಅಕ್ಕಾರ" ಅಂತ ಅರ್ಧ ರೇಟಿಗೆ 1 ಟಿಬಿ ಡಿಸ್ಕ್ ಕೊಟ್ಟರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದರೆ ಓಡಿದ್ದು 26 ಸಾವಿರ ತಾಸು, ಆನ್ ಆಗಿದ್ದು ಬರೀ 41 ಸಲ. ಅಂದರೆ ಸುಮಾರು ಮೂರು ವರ್ಷ ಹಗಲು ರಾತ್ರಿ ಆರಿಸದೇ ಓಡಿದೆ. ಎಲ್ಲೋ ಸಿಸಿಟಿವಿ ಡಬ್ಬಿಯಿಂದ ಬಿಚ್ಚಿದ್ದು ಇರಬೇಕು. ಅದೇ ಸಂಜೆ ವಾಪಸ್ ಕೊಟ್ಟೆ. ಹಳೆ ಡಿಸ್ಕ್ ಕೊಳ್ಳಲೇಬೇಕು ಅಂದರೆ ಅಂಗಡಿಯಲ್ಲೇ ಈ ಎರಡು ಅಂಕಿ ನೋಡಿ ದುಡ್ಡು ಕೊಡಿ.

ಎರಡನೆಯದು ಹೊಸ ಹಾರ್ಡ್ ಡಿಸ್ಕ್, 1 ಟಿಬಿ, 7200 ಸುತ್ತಿನದು. ವಾರಂಟಿ 2 ವರ್ಷ. ವಿಂಡೋಸ್ ಬಂದು ಕೆಲಸಕ್ಕೆ ಕೂರಲು 1 ನಿಮಿಷ 35 ಸೆಕೆಂಡ್, ಕೋರೆಲ್ ತೆರೆಯಲು 38 ಸೆಕೆಂಡ್. ದೊಡ್ಡ ಫೈಲ್ ಒಂದೇ ಸಮನೆ ಕಾಪಿ ಮಾಡುವಾಗ ಸೆಕೆಂಡಿಗೆ 170 ಎಂಬಿ ಬಂತು, ಅದರಲ್ಲಿ ದೂರಿಲ್ಲ. ಚಿಕ್ಕ ಚಿಕ್ಕ ಫೈಲ್‌ಗಳಲ್ಲಿ ಮಾತ್ರ 1 ಎಂಬಿಯೂ ಬರಲಿಲ್ಲ. ಯಾಕೆ ಅಂತ ನಮ್ಮ ಕೆಲಸದಿಂದಲೇ ಹೇಳುತ್ತೇನೆ. ಡಿಟಿಪಿ ಸಿಸ್ಟಮ್‌ನಲ್ಲಿ ಸಾವಿರದ ಮೇಲೆ ಫಾಂಟ್ ಇರುತ್ತವೆ. ಕೋರೆಲ್ ಏಳುವಾಗ ಅವನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರುತ್ತದೆ. ಪ್ರತಿ ಫಾಂಟ್ ತಟ್ಟೆಯ ಒಂದೊಂದು ಮೂಲೆಯಲ್ಲಿ. ಒಂದು ಸುತ್ತಿಗೆ 8 ಮಿಲಿಸೆಕೆಂಡ್ ಮೇಲೆ ಬೇಕು, ಹೆಡ್ ಅತ್ತಿತ್ತ ಹೋಗುವ ಹೊತ್ತು ಬೇರೆ. ಹೊಸ ಡಿಸ್ಕ್ ಆದರೂ ಈ ಓಡಾಟ ತಪ್ಪುವುದಿಲ್ಲ.

ಹಾರ್ಡ್ ಡಿಸ್ಕ್ ಕೊಳ್ಳುವಾಗ ಸಿಎಂಆರ್ ಇದೆಯೋ ಎಸ್‌ಎಂಆರ್ ಇದೆಯೋ ಕೇಳಿ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಗೆರೆಗಳು ಅಕ್ಕಪಕ್ಕ ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್‌ನಲ್ಲಿ ಆ ಗೆರೆಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಿ ಕೂರಿಸಬೇಕು. ಹಾಗಾಗಿ ಮತ್ತೆ ಮತ್ತೆ ಬರೆಯುವ ಕೆಲಸಕ್ಕೆ ನಿಧಾನ. ಇಟ್ಟು ಮರೆಯುವ ಫೈಲ್‌ಗಳಿಗೆ ನಡೆಯುತ್ತದೆ.

ಮೂರನೆಯದು ಕಡಿಮೆ ರೇಟಿನ 480 ಜಿಬಿ ಎಸ್‌ಎಸ್‌ಡಿ, 3 ವರ್ಷ ವಾರಂಟಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಡೇಟಾ ಎಲ್ಲ ಚಿಪ್‌ನಲ್ಲಿ. ಮೊದಲ ದಿನ ನಿರಾಸೆಯಾಯಿತು, ಸ್ಪೀಡ್ ಸೆಕೆಂಡಿಗೆ 270 ಎಂಬಿ ದಾಟಲಿಲ್ಲ. ಎರಡು ದಿನ ಅದನ್ನೇ ಬೈದುಕೊಂಡೆ. ಆಮೇಲೆ ಮದರ್‌ಬೋರ್ಡ್ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ನಾಲ್ಕು ಸಾಟಾ ಪೋರ್ಟ್. ಎರಡು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ನಾನು ಚುಚ್ಚಿದ್ದು ನಿಧಾನದ್ದಕ್ಕೆ. ಬದಲಿಸಿದ ಮೇಲೆ 520 ಬಂತು. ವಿಂಡೋಸ್ 22 ಸೆಕೆಂಡ್, ಕೋರೆಲ್ 9 ಸೆಕೆಂಡ್. ಹತ್ತು ವರ್ಷದ ಸಿಸ್ಟಮ್ ಇದೇನಾ ಅನ್ನಿಸಿತು, ನಿಜ ಹೇಳುತ್ತೇನೆ.

ಕಾಪಿಯಲ್ಲಿ ಅದರ ಬಂಡವಾಳ ಗೊತ್ತಾಯಿತು. ಒಂದು ಮದುವೆ ಆಲ್ಬಮ್‌ನ 60 ಜಿಬಿ ಫೋಟೋ ಹಾಕಿದೆ. ಮೊದಲ 20 ಜಿಬಿ ಸರ್ರನೆ ಹೋಯಿತು. ಆಮೇಲೆ ಸ್ಪೀಡ್ ಕುಸಿದು ಕುಸಿದು 70ಕ್ಕೆ ನಿಂತಿತು, ಹೊಸ ಹಾರ್ಡ್ ಡಿಸ್ಕ್‌ಗಿಂತ ಕೆಳಗೆ. ಇಂಥ ಎಸ್‌ಎಸ್‌ಡಿಯಲ್ಲಿ ಒಂದು ಭಾಗ ಮಾತ್ರ ವೇಗವಾಗಿ ತುಂಬಿಕೊಳ್ಳುತ್ತದೆ, ಅದು ತುಂಬಿದ ಮೇಲೆ ನಿಜವಾದ ವೇಗ ಹೊರಗೆ ಬರುತ್ತದೆ. ಡಬ್ಬಿ ಮೇಲೆ ಮೊದಲ 20 ಜಿಬಿಯ ಅಂಕಿಯಷ್ಟೇ ಹಾಕಿರುತ್ತಾರೆ.

ನಾಲ್ಕನೆಯದು ಸ್ಯಾಮ್‌ಸಂಗ್ 870 ಇವೊ, 500 ಜಿಬಿ. ಯಾವ ಡೇಟಾ ಎಲ್ಲಿದೆ ಅನ್ನುವ ಲೆಕ್ಕ ಇಡಲು ಒಳಗೆ ಬೇರೆ ಡಿರ್‍ಯಾಮ್ ಚಿಪ್ ಇದೆ, ವಾರಂಟಿ 5 ವರ್ಷ. ನಾನು ಕೊಂಡ ದಿನ ಮೂರನೆಯದಕ್ಕಿಂತ ಒಂದೂವರೆ ಪಟ್ಟು ರೇಟು ಇತ್ತು. ವಿಂಡೋಸ್ 20 ಸೆಕೆಂಡ್, ಕೋರೆಲ್ 8 ಸೆಕೆಂಡ್. ಅರ್ಜಿ ಟೈಪ್ ಮಾಡುವವರಿಗೆ ಈ ಎರಡು ಸೆಕೆಂಡ್‌ಗೋಸ್ಕರ ಜಾಸ್ತಿ ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ. ಆದರೆ ಅದೇ 60 ಜಿಬಿ ಫೋಟೋ ಕೊನೆವರೆಗೂ ಹೆಚ್ಚು ಕುಸಿಯದೆ ಹೋಯಿತು. ಫೋಟೋ, ಆಲ್ಬಮ್ ಕೆಲಸದವರು ಇದನ್ನೇ ತಗೊಳ್ಳಿ.

ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದೆ ಅನ್ನುವ ಭಯ ನನಗೂ ಇತ್ತು. ಲೆಕ್ಕ ಹಾಕಿದೆ. 870 ಇವೊ 500 ಜಿಬಿಗೆ ಕಂಪನಿ ಹೇಳುವ ಮಿತಿ 300 ಟಿಬಿ. ನಾನು ದಿನಕ್ಕೆ ಬರೆಯುವುದು ಹೆಚ್ಚೆಂದರೆ 15 ಜಿಬಿ. 300 ಟಿಬಿ ಮುಗಿಯಲು ಐವತ್ತು ವರ್ಷ ಮೇಲೆ ಬೇಕು. ಸವೆತದ ಚಿಂತೆ ಬಿಟ್ಟುಬಿಡಿ.

ಸಾಟಾಕ್ಕಿಂತ ವೇಗದ ಎಸ್‌ಎಸ್‌ಡಿ ಎನ್‌ವಿಎಂಇ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನನ್ನ ಬೋರ್ಡ್‌ನಲ್ಲಿ ಅದರ ಸ್ಲಾಟ್ ಇಲ್ಲ. ಹೊಸ ಸಿಸ್ಟಮ್ ಇದ್ದರೆ ಅದನ್ನೇ ಹಾಕಿ.

ಇಷ್ಟೆಲ್ಲ ಟೈಮ್ ನೋಡಿದ ಮೇಲೂ ನನ್ನ ತೀರ್ಮಾನ ನಿಂತದ್ದು ಬೇರೆ ಒಂದು ಪರೀಕ್ಷೆ ಮೇಲೆ. ಹೊಸ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಫೋಲ್ಡರ್, ಎಸ್‌ಎಸ್‌ಡಿಯಲ್ಲಿ ಅದೇ ಫೋಲ್ಡರ್ ಇಟ್ಟು, ಎರಡನ್ನೂ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದೆ. ಹತ್ತು ನಿಮಿಷ ಬಿಟ್ಟು, ಅಳಿಸಿದ ಫೈಲ್ ಹುಡುಕಿ ಕೊಡುವ ಸಾಫ್ಟ್‌ವೇರ್ ರಿಕುವಾ ಓಡಿಸಿದೆ. ಹಾರ್ಡ್ ಡಿಸ್ಕ್‌ನಿಂದ ಎಲ್ಲ ಫೈಲ್ ಬಂದವು, ತೆರೆದವು. ಎಸ್‌ಎಸ್‌ಡಿಯಿಂದ ಹೆಸರು ಬಂದವು. ಸೈಜ್ ಕೂಡ ಸರಿ ಇತ್ತು. ತೆರೆದರೆ ಒಳಗೆ ಏನೂ ಇಲ್ಲ, ಬರೀ ಸೊನ್ನೆ. ಅಳಿಸಿದ ಜಾಗ ಇನ್ನು ಬೇಡ ಅಂತ ವಿಂಡೋಸ್ ಕೂಡಲೇ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ, ಅದಕ್ಕೆ ಟ್ರಿಮ್ ಅನ್ನುತ್ತಾರೆ. ವೇಗ ಉಳಿಯಲು ಅದು ಬೇಕು. ಆದರೆ ಕೈತಪ್ಪಿ ಅಳಿಸಿದವರಿಗೆ ವಾಪಸ್ ದಾರಿ ಇಲ್ಲ.

ಸಾಯುವಾಗಲೂ ಹೀಗೆಯೇ. ನನ್ನ ಹಳೆ ಹಾರ್ಡ್ ಡಿಸ್ಕ್ ವಾರಗಟ್ಟಲೆ ನರಳಿ, ಸೂಚನೆ ಕೊಟ್ಟು, ಡೇಟಾ ತೆಗೆದುಕೊಳ್ಳಲು ಬಿಟ್ಟು ಹೋಯಿತು. ಪರಿಚಯದ ಸ್ಟುಡಿಯೋ ಒಂದರಲ್ಲಿ ಎಸ್‌ಎಸ್‌ಡಿ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಯಲ್ಲಿ, ಅದರ ಹೆಸರೇ ಇಲ್ಲ. ಹಾರ್ಡ್ ಡಿಸ್ಕ್ ಕೂಡ ಒಮ್ಮೊಮ್ಮೆ ಹೇಳದೆ ಹೋಗುತ್ತದೆ. ಆದರೆ ಎಸ್‌ಎಸ್‌ಡಿ ಮುಂಚೆ ಹೇಳುತ್ತದೆ ಅಂತ ನಂಬಿ ಕೂರಲೇಬೇಡಿ.

ಹಾಗಾಗಿ ಎರಡನ್ನೂ ಹಾಕಿಕೊಂಡೆ. ವಿಂಡೋಸ್, ಕೋರೆಲ್, ಈ ತಿಂಗಳ ಕೆಲಸ 870 ಇವೊದಲ್ಲಿ. ಹಳೆ ಫೈಲ್ ಎಲ್ಲ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಯುಎಸ್‌ಬಿ ಹಾರ್ಡ್ ಡಿಸ್ಕ್ ಇನ್ನೊಂದು ಮನೆಯ ಟ್ರೆಜರಿಯಲ್ಲಿ ಇರುತ್ತದೆ, ಶನಿವಾರ ಸಂಜೆ ಮಾತ್ರ ಅಂಗಡಿಗೆ ಬರುತ್ತದೆ. ಎಸ್‌ಎಸ್‌ಡಿಯನ್ನು ಬ್ಯಾಕಪ್ ಅಂತ ಕಪಾಟಿನಲ್ಲಿ ಇಡಬೇಡಿ. ಕರೆಂಟ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದರೆ ಅದರಲ್ಲಿ ಡೇಟಾ ಹಿಡಿದಿಟ್ಟಿರುವ ಚಾರ್ಜ್ ಮೆಲ್ಲಗೆ ಸೋರುತ್ತದೆ. ಸೆಖೆ ಜಾಸ್ತಿ ಇದ್ದಷ್ಟೂ ಬೇಗ, ನಮ್ಮ ಬೇಸಿಗೆ ಗೊತ್ತಲ್ಲ.

ಕನ್ನಡ ಡಿಟಿಪಿಯವರಿಗೆ ಒಂದು ಮಾತು. ಹೊಸ ಡಿಸ್ಕ್‌ಗೆ ಹೊಸ ವಿಂಡೋಸ್ ಹಾಕಿದರೆ ಸಿಸ್ಟಮ್ ಹಗುರಾಗುತ್ತದೆ, ನಾನೂ ಹಾಗೇ ಮಾಡಿದೆ. ಮೊದಲ ಲಗ್ನಪತ್ರಿಕೆ ತೆರೆದರೆ "ಶ್ರೀ ಗವಿಸಿದ್ಧೇಶ್ವರ ಪ್ರಸನ್ನ" ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಬ್ರಾಕೆಟ್ ಕಲಸಿದ ರಾಶಿ. ಎದೆ ಧಸಕ್ಕೆಂದಿತು. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿ ಫಾಂಟ್ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಇಟ್ಟಿರುತ್ತದೆ. ಆ ಫಾಂಟ್ ಇಲ್ಲದೆ ಕನ್ನಡ ಅಕ್ಷರ ಕಾಣುವುದಿಲ್ಲ. ಪುಣ್ಯಕ್ಕೆ ಡಿಡಿರೆಸ್ಕ್ಯೂ ಪೂರ್ತಿ ಡಿಸ್ಕ್‌ನ್ನೇ ತೆಗೆದಿದ್ದರಿಂದ ಹಳೆ ಫಾಂಟ್ಸ್ ಫೋಲ್ಡರ್ ಅದರಲ್ಲೇ ಸಿಕ್ಕಿತು. ಫೈಲ್ ಜೊತೆ ಫಾಂಟ್ಸ್ ಫೋಲ್ಡರ್ ಕೂಡ ಬ್ಯಾಕಪ್ ಮಾಡಿ.

ಪ್ರತಿ ಅಮವಾಸ್ಯೆ ಅಂಗಡಿ ಪೂಜೆ ಮಾಡುತ್ತೇವೆ. ಅವತ್ತು ಕಾಯಿ ಒಡೆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಅಂಕಿಗಳನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಹೋದ ಅಮವಾಸ್ಯೆಯದು ಹೀಗಿದೆ: ಹಾರ್ಡ್ ಡಿಸ್ಕ್ 05 ಸೊನ್ನೆ, ಸಿ5 ಸೊನ್ನೆ, ಸಿ6 ಸೊನ್ನೆ, ಬಿಸಿ 44 ಡಿಗ್ರಿ. ಎಸ್‌ಎಸ್‌ಡಿ 36 ಡಿಗ್ರಿ, ಎರಡೂ ನೀಲಿ.