ಎಚ್‌2ಎಸ್ ಪರೀಕ್ಷಾ ಬಾಟಲಿ: ಮುರಕಲ್ಲಿನ ಬಾವಿಯಲ್ಲಿ ಎರಡು ಮಳೆಗಾಲದ ಬಳಕೆ

ಬಾವಿಯ ನೀರಿಗೆ ಮಲದ ಮೂಲದ ಬ್ಯಾಕ್ಟೀರಿಯಾ ಸೇರಿದೆಯೇ ಎಂಬುದನ್ನು ಮನೆಯಲ್ಲಿಯೇ ತಿಳಿಯಲು ಸಿಗುವ ಎಚ್‌2ಎಸ್ ಬಾಟಲಿಯನ್ನು ಕಳೆದ ವರ್ಷದ ಏಪ್ರಿಲ್‌ನಿಂದ ಬಳಸುತ್ತಿದ್ದೇನೆ. ಇದನ್ನು ಹಲವು ಕಂಪನಿಗಳು ತಯಾರಿಸುತ್ತವೆ, ಒಳಗಿರುವ ಮದ್ದು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಯಾವ ಕಂಪನಿಯದು ಎಂಬುದಕ್ಕಿಂತ ಈ ಬಗೆಯ ಬಾಟಲಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನೇ ಬರೆಯುತ್ತೇನೆ. ಈ ಬಾಟಲಿಯ ಉತ್ತರವನ್ನು ಸರಿಯಾಗಿ ಓದಬೇಕಾದರೆ ಬಾವಿಯ ಸುತ್ತಲಿನ ಮಣ್ಣನ್ನೂ ಓದಬೇಕು ಎಂಬುದು ನನಗೆ ತಡವಾಗಿ ತಿಳಿಯಿತು.

ನಮ್ಮ ಮನೆ ಇರುವುದು ಬಂಟ್ವಾಳ ತಾಲ್ಲೂಕಿನ ಒಂದು ಗುಡ್ಡದ ಇಳಿಜಾರಿನಲ್ಲಿ. ಬಾವಿಯನ್ನು ಮುರಕಲ್ಲಿನಲ್ಲಿ, ಅಂದರೆ ಬೇರೆಡೆಯವರು ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲಿನಲ್ಲಿ, ತೋಡಿದೆ. ಆಳ 11 ಮೀಟರ್. ಶೌಚಾಲಯದ ಸೆಪ್ಟಿಕ್ ಟ್ಯಾಂಕಿನಿಂದ ಬರುವ ನೀರು ಇಂಗುವ ಸೋಕ್ ಪಿಟ್ ಬಾವಿಗಿಂತ ಸ್ವಲ್ಪ ಎತ್ತರದಲ್ಲಿ, 20 ಮೀಟರ್ ದೂರದಲ್ಲಿದೆ. ಸೆಪ್ಟಿಕ್ ಟ್ಯಾಂಕಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 2470 ಬಾವಿಗೂ ಇಂಗುವ ವ್ಯವಸ್ಥೆಗೂ ನಡುವೆ 18 ಮೀಟರ್ ಅಂತರ ಕೇಳುತ್ತದೆ. ನಮ್ಮದು ಅದಕ್ಕಿಂತ 2 ಮೀಟರ್ ಹೆಚ್ಚೇ ಇದ್ದುದರಿಂದ ನಾವು ನಿಶ್ಚಿಂತರಾಗಿದ್ದೆವು. ಆದರೆ ಸತತವಾಗಿ ಮೂರು ವರ್ಷ ಜೂನ್, ಜುಲೈ ತಿಂಗಳುಗಳಲ್ಲಿ ಮನೆಯ ಮಕ್ಕಳಿಗೆ ಹೊಟ್ಟೆ ಕೆಡುವುದನ್ನು ಕಂಡಾಗ ಒಂದು ಪೆಟ್ಟಿಗೆ ಬಾಟಲಿ ತರಿಸಿದೆ.

ಬಾಟಲಿಯ ಬಳಕೆ ಸರಳವಾಗಿದೆ. ಗೆರೆಯವರೆಗೆ, ನಾನು ಕೊಂಡದ್ದರಲ್ಲಿ 20 ಮಿಲಿಲೀಟರ್, ನೀರು ತುಂಬಿ, ಮುಚ್ಚಳ ಬಿಗಿದು, 30ರಿಂದ 37 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಕರುಳಿನಲ್ಲಿ ವಾಸಿಸುವ ಹಲವು ಬ್ಯಾಕ್ಟೀರಿಯಾಗಳು ಒಳಗಿರುವ ಥಯೋಸಲ್ಫೇಟ್ ಎಂಬ ಗಂಧಕದ ಲವಣದಿಂದ ಹೈಡ್ರೋಜನ್ ಸಲ್ಫೈಡ್ (ಎಚ್‌2ಎಸ್) ಅನಿಲವನ್ನು ಉಂಟುಮಾಡುತ್ತವೆ. ಆ ಅನಿಲ ಮದ್ದಿನಲ್ಲಿರುವ ಕಬ್ಬಿಣದೊಡನೆ ಕೂಡಿ ಕಪ್ಪು ಬಣ್ಣದ ಐರನ್ ಸಲ್ಫೈಡ್ ಆಗುತ್ತದೆ. ನೀರು ಕಪ್ಪಾದರೆ ಅದು ಕುಡಿಯಲು ಯೋಗ್ಯವಲ್ಲ. ಈ ವಿಧಾನ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು. ಪ್ರಯೋಗಾಲಯ ಹತ್ತಿರವಿಲ್ಲದ ಹಳ್ಳಿಗೆ, ವಿದ್ಯುತ್ತು ಆಗಾಗ ಹೋಗುವ ಮನೆಗೆ ಇದಕ್ಕಿಂತ ಉಪಕಾರಿಯಾದ ಸಾಧನವನ್ನು ನಾನು ಕಂಡಿಲ್ಲ. ಕರಾವಳಿಯ ಮಳೆಗಾಲದಲ್ಲಿ ಮನೆಯೊಳಗೂ 30 ಡಿಗ್ರಿ ಇರುವುದಿಲ್ಲವಾದ್ದರಿಂದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಲೊಲೆಯಿಂದ ಒಂದು ಮೊಳ ದೂರದಲ್ಲಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಇರಿಸುತ್ತಿದ್ದೆ. ತಣ್ಣಗಿನ ಕೋಣೆಯಲ್ಲಿಟ್ಟ ಬಾಟಲಿ ಕಪ್ಪಾಗಲು ತಡಮಾಡುತ್ತದೆ. 24 ಗಂಟೆಗೆ ನೋಡಿ ಎಸೆದವರು ಮೋಸಹೋಗುತ್ತಾರೆ.

ಏಪ್ರಿಲ್‌ನಲ್ಲಿ ಪರೀಕ್ಷಿಸಿದ ಎರಡು ಬಾಟಲಿಗಳೂ 48 ಗಂಟೆಯ ನಂತರ ತಿಳಿಯಾಗಿಯೇ ಉಳಿದವು. ಆ ದಿನ ನಾನು ಪಟ್ಟ ಸಮಾಧಾನ ತಪ್ಪು ಸಮಾಧಾನವಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿದು ನಾಲ್ಕನೆಯ ದಿನ ಅದೇ ಬಾವಿಯ ನೀರು ತುಂಬಿದ ಬಾಟಲಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ಶಾಯಿಯಂತೆ ಕಪ್ಪಾಗಿತ್ತು. ಅದೇ ವಾರ ಉಳ್ಳಾಲದ ಕಡೆ ಹೊಯಿಗೆ, ಅಂದರೆ ಮರಳಿನ, ನೆಲದಲ್ಲಿರುವ ಅಕ್ಕನ ಮನೆಯ ಬಾವಿಯ ನೀರನ್ನೂ ಪರೀಕ್ಷಿಸಿದೆ. ಅವರ ಸೋಕ್ ಪಿಟ್ ಬಾವಿಗೆ ನಮ್ಮದಕ್ಕಿಂತ ಹತ್ತಿರ, ಕೇವಲ 13 ಮೀಟರ್. ಮಾನಕದ ಲೆಕ್ಕದಲ್ಲಿ ಅದು ತಪ್ಪು. ಆದರೂ ಆ ಬಾಟಲಿ ಎರಡು ದಿನ ಕಳೆದರೂ ಕಪ್ಪಾಗಲಿಲ್ಲ. ಭಾವ ನನ್ನನ್ನು ನೋಡಿ, "ನಿಮ್ಮದು ಕಲ್ಲು, ನಮ್ಮದು ಬರೀ ಹೊಯಿಗೆ. ಹೊಯಿಗೆಯಲ್ಲಿ ಎಲ್ಲ ಇಳಿದು ಹೋಗಬೇಕಿತ್ತಲ್ಲ ಭಾವ?" ಎಂದು ಕೇಳಿದರು. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಉತ್ತರ ಇರುವುದು ಅಳತೆಯಲ್ಲಿ. ಮಲದಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 1ರಿಂದ 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. ಸಣ್ಣ ಮರಳಿನ ಕಣಗಳ ನಡುವಿನ ಸಂದು ಅದಕ್ಕಿಂತ ದೊಡ್ಡದೇ ಆದರೂ ನೀರು ಅಲ್ಲಿ ನೇರವಾಗಿ ಓಡದೆ ಸಾವಿರಾರು ಕಣಗಳನ್ನು ಸವರಿಕೊಂಡು, ತಿರುಗಿ ತಿರುಗಿ ಸಾಗಬೇಕಾಗುತ್ತದೆ. ಪ್ರತಿ ತಿರುವಿನಲ್ಲಿಯೂ ಕೆಲವು ಬ್ಯಾಕ್ಟೀರಿಯಾ ಕಣದ ಮೈಗೆ ತಾಗಿ ಅಂಟುತ್ತವೆ, ಕೆಲವು ಕಣಗಳು ಒಂದನ್ನೊಂದು ಮುಟ್ಟುವ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮುರಕಲ್ಲಿನ ಸ್ವಭಾವವೇ ಬೇರೆ. ಅದರೊಳಗೆ ಕೆಲವು ಮಿಲಿಮೀಟರಿನಿಂದ ಹಿಡಿದು ಬೆರಳು ತೂರುವಷ್ಟು ಅಗಲದ ಕೊಳವೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. 3 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹರಿಯುವ 1 ಮೈಕ್ರಾನ್‌ನ ಜೀವಿಗೆ ಗೋಡೆ ಎಲ್ಲಿದೆ ಎಂಬುದೇ ತಿಳಿಯದಷ್ಟು ಜಾಗವಿರುತ್ತದೆ.

ಇದರಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಯೆಂದರೆ, ರಾಸಾಯನಿಕವಾಗಿ ನೋಡಿದರೆ ಬ್ಯಾಕ್ಟೀರಿಯಾವನ್ನು ಹಿಡಿದಿಡುವ ಶಕ್ತಿ ಹೊಯಿಗೆಗಿಂತ ನಮ್ಮ ಕೆಂಪು ಮಣ್ಣಿಗೇ ಹೆಚ್ಚು. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಮರಳಿನ ಮೈಯೂ ಋಣವೇ, ಆದ್ದರಿಂದ ಅವೆರಡೂ ಒಂದನ್ನೊಂದು ದೂರ ತಳ್ಳುತ್ತವೆ. ಆದರೆ ಮುರಕಲ್ಲಿಗೆ ಆ ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡುಗಳು, ಕರಾವಳಿಯ ಮಣ್ಣಿನಲ್ಲಿ ಸಾಮಾನ್ಯವಾಗಿರುವ ಆಮ್ಲೀಯ ಸ್ಥಿತಿಯಲ್ಲಿ, ಧನ ವಿದ್ಯುದಂಶ ಹೊಂದಿರುತ್ತವೆ. ಅವು ಬ್ಯಾಕ್ಟೀರಿಯಾವನ್ನೂ ವೈರಸ್ಸನ್ನೂ ತಮ್ಮತ್ತ ಸೆಳೆದು ಹಿಡಿಯಬಲ್ಲವು. ಅದೇ ಮುರಕಲ್ಲನ್ನು ಪುಡಿಮಾಡಿ ಒಂದು ಕೊಳವೆಯಲ್ಲಿ ತುಂಬಿ ನೀರು ಹಾಯಿಸಿದರೆ ಅದು ಒಳ್ಳೆಯ ಸೋಸುಕ ಆಗಬಹುದು. ಗುಡ್ಡದಲ್ಲಿ ಮಾತ್ರ ನೀರು ಆ ಕಬ್ಬಿಣದ ಹತ್ತಿರಕ್ಕೂ ಸುಳಿಯದೆ ಕೊಳವೆಗಳ ನಡುವೆಯೇ ಇಳಿದುಬಿಡುತ್ತದೆ. ಇದಲ್ಲದೆ ಹಳೆಯ ಪಿಟ್‌ಗಳ ಸುತ್ತ ಕೊಳಚೆಯಲ್ಲಿರುವ ಫಾಸ್ಫೇಟ್ ಮತ್ತು ಸಾವಯವ ಪದಾರ್ಥ ಆ ಕಬ್ಬಿಣದ ಮೈಯನ್ನು ಮೊದಲೇ ಆಕ್ರಮಿಸಿಕೊಂಡಿರುತ್ತವೆ, ಹೊಸದಾಗಿ ಬಂದ ಬ್ಯಾಕ್ಟೀರಿಯಾಕ್ಕೆ ಅಂಟಲು ಜಾಗ ಉಳಿದಿರುವುದಿಲ್ಲ.

ಏಪ್ರಿಲ್‌ಗೂ ಜೂನ್‌ಗೂ ಇರುವ ವ್ಯತ್ಯಾಸವನ್ನು ಮಳೆ ಮೂರು ರೀತಿಯಲ್ಲಿ ಉಂಟುಮಾಡುತ್ತದೆ. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿರುವಾಗ ಪಿಟ್‌ನ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಹಲವು ಮೀಟರ್ ಅರೆಬರೆ ಒಣಗಿದ ಪದರ ಇರುತ್ತದೆ. ಅಲ್ಲಿ ದೊಡ್ಡ ಕೊಳವೆಗಳಲ್ಲಿ ಗಾಳಿ ತುಂಬಿದ್ದು, ನೀರು ಕಣಗಳ ಮೈಮೇಲಿನ ತೆಳುಪೊರೆಯಾಗಿ ಮಾತ್ರ ಇಳಿಯುವುದರಿಂದ ಬ್ಯಾಕ್ಟೀರಿಯಾ ಸುಲಭವಾಗಿ ಸಿಕ್ಕಿಬೀಳುತ್ತವೆ. ಮಳೆ ಬಂದು ಕೊಳವೆಗಳು ನೀರಿನಿಂದ ತುಂಬಿದ ಕ್ಷಣದಿಂದ ಆ ತಡೆ ಇಲ್ಲವಾಗುತ್ತದೆ. ಎರಡನೆಯದಾಗಿ, ಮಳೆನೀರಿನಲ್ಲಿ ಲವಣ ಬಹಳ ಕಡಿಮೆ. ಲವಣವಿರುವ ಕೊಳಚೆನೀರಿನಲ್ಲಿ ಕಣಕ್ಕೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ ತಿಳಿನೀರು ಬಂದು ತೊಳೆದಾಗ ಹಿಡಿತ ಬಿಟ್ಟು ಮತ್ತೆ ಹೊರಡುತ್ತವೆ; ಮಣ್ಣು ತಿಂಗಳುಗಟ್ಟಲೆ ಹಿಡಿದಿಟ್ಟದ್ದು ನಾಲ್ಕು ದಿನದ ಮಳೆಗೆ ಬಿಡುಗಡೆಯಾಗುತ್ತದೆ. ಮೂರನೆಯದು ನಮ್ಮ ಕಡೆಯ ವಿಶೇಷ. ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣು ಇರುತ್ತದೆ. ನುಣುಪಾದ ಆ ಜೇಡಿಯಲ್ಲಿ ನೀರು ಸುಲಭವಾಗಿ ಇಳಿಯದ ಕಾರಣ ಮೇಲಿನಿಂದ ಬಂದದ್ದೆಲ್ಲ ಅದರ ನೆತ್ತಿಯ ಮೇಲೆ ಅಡ್ಡಡ್ಡವಾಗಿ ಇಳಿಜಾರಿನತ್ತ ಹರಿಯುತ್ತದೆ. ನಮ್ಮ ಬಾವಿಯ ಒರತೆಗಳು ಒಡೆಯುವುದು ಸರಿಯಾಗಿ ಆ ಗೆರೆಯಲ್ಲಿಯೇ. ಬಾವಿ ತೋಡಿದವರು "ಶೇಡಿ ಸಿಕ್ಕಿತು, ಇನ್ನು ನೀರಿಗೆ ಮೋಸವಿಲ್ಲ" ಎಂದು ಸಂತೋಷಪಟ್ಟದ್ದು ಇಂದಿಗೂ ನೆನಪಿದೆ.

ಐಎಸ್ 2470ರಲ್ಲಿ ಹೇಳಿರುವ ಇಂಗುವ ಪರೀಕ್ಷೆಯನ್ನು ಆಗ ನಾನೇ ಮಾಡಿ ನೋಡಿದೆ. ಪಿಟ್ ಇರುವ ನೆಲದಲ್ಲಿ ಒಂದು ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿಸಿ ನೆನೆಸಿ, ಮರುದಿನ ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು. ಇದಕ್ಕೆ ಹಾರೆ, ಅಡಿಪಟ್ಟಿ ಮತ್ತು ಗಡಿಯಾರ ಸಾಕು. ಇಂಗಲು 30 ನಿಮಿಷಕ್ಕಿಂತ ಹೆಚ್ಚು ಹಿಡಿಯುವ ನೆಲ ಸೋಕ್ ಪಿಟ್‌ಗೆ ತಕ್ಕದ್ದಲ್ಲ ಎಂಬುದು ಮಾನಕದ ಮಾತು. ನಮ್ಮಲ್ಲಿ ಅದು 2 ನಿಮಿಷದಲ್ಲಿ ಇಳಿಯಿತು. ಪಿಟ್ ಕಟ್ಟಿದ ಮೇಸ್ತ್ರಿ ಅಂದು, "ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ ಅಣ್ಣಾ, ಈ ಜಾಗ ಒಳ್ಳೆದುಂಟು" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಆದರೆ ಪಿಟ್‌ಗೆ ಒಳ್ಳೆಯದಾದ ಆ ಗುಣವೇ ಬಾವಿಗೆ ಕೆಟ್ಟದು ಎಂದು ಅವರಿಗಾಗಲಿ ನನಗಾಗಲಿ ಹೊಳೆಯಲಿಲ್ಲ. ಊರಿನಲ್ಲಿ ಎಲ್ಲರೂ ಹೆದರುವುದು ತುಂಬಿ ಹೊರಚೆಲ್ಲುವ ಪಿಟ್‌ಗೆ. ಎಂದೂ ತುಂಬದ ಪಿಟ್ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ.

ಎರಡು ಗುಂಡಿಯ ಶೌಚಾಲಯಗಳ ಮಾರ್ಗಸೂಚಿ ಈ ವಿಷಯವನ್ನು ಹೆಚ್ಚು ಸೂಕ್ಷ್ಮವಾಗಿ ನೋಡುತ್ತದೆ. ಅದರಲ್ಲಿ ಅಂತರ ಮಣ್ಣಿನ ಕಣದ ಗಾತ್ರವನ್ನು ಅವಲಂಬಿಸಿದೆ: ಕಣದ ಪರಿಣಾಮಕಾರಿ ಗಾತ್ರ 0.2 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣದಾಗಿದ್ದು, ಗುಂಡಿಯ ತಳ ಅಂತರ್ಜಲದ ಗರಿಷ್ಠ ಮಟ್ಟಕ್ಕಿಂತ 2 ಮೀಟರ್ ಮೇಲಿದ್ದರೆ 3 ಮೀಟರ್ ದೂರವೇ ಸಾಕು. ದಪ್ಪ ಕಣದ ನೆಲವಾದರೆ ತಳವನ್ನು ಮುಚ್ಚಿ ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಮರಳು ತುಂಬಬೇಕು. ಅಕ್ಕನ ಮನೆಯ ಹೊಯಿಗೆ ಏಕೆ ಕಾಪಾಡಿತು ಎಂಬುದಕ್ಕೂ ನಾವು ಮಾಡಬೇಕಾದದ್ದು ಏನು ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಕಳೆದ ಫೆಬ್ರವರಿಯಲ್ಲಿ ಬಾವಿಗಿಂತ ತಗ್ಗಿನಲ್ಲಿ, 34 ಮೀಟರ್ ದೂರದಲ್ಲಿ ಹೊಸ ಪಿಟ್ ತೆಗೆಸಿ, ತಳಕ್ಕೆ ಕಾಂಕ್ರೀಟ್ ಹಾಕಿಸಿ, ಸುತ್ತ ಜರಡಿ ಹಿಡಿದ ಸಣ್ಣ ಮರಳು ತುಂಬಿಸಿದೆವು. ಈ ಜುಲೈಯಲ್ಲಿ ಪರೀಕ್ಷಿಸಿದ ನಾಲ್ಕು ಬಾಟಲಿಗಳಲ್ಲಿ ಮೂರು ತಿಳಿಯಾಗಿ ಉಳಿದವು, ಒಂದು 40 ಗಂಟೆಯ ನಂತರ ಕಪ್ಪಾಯಿತು. ಆ ಒಂದಕ್ಕೆ ಕಾರಣ ಮೇಲಿನ ದನದ ಹಟ್ಟಿಯ ಗೊಬ್ಬರದ ಗುಂಡಿ ಇರಬಹುದೆಂದು ಶಂಕಿಸಿ ಅದಕ್ಕೆ ಮಾಡು (ಚಾವಣಿ) ಹಾಕಿಸುತ್ತಿದ್ದೇವೆ. ನೀರನ್ನು ಇಂದಿಗೂ ಕುದಿಸಿಯೇ ಕುಡಿಯುತ್ತೇವೆ.

ಈಗ ಬಾಟಲಿಯ ಕೊರತೆಗಳನ್ನು ಹೇಳಬೇಕು. ಅದು ಸಂಖ್ಯೆ ಕೊಡುವುದಿಲ್ಲ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೋಲಿ ಕಾಣಬಾರದು, 20 ಮಿಲಿಲೀಟರಿನ ಬಾಟಲಿ ನೋಡುವುದು ಅದರ ಐದನೆಯ ಒಂದು ಭಾಗವನ್ನು. ಅದಲ್ಲದೆ ಇ. ಕೋಲಿ ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡ್ ಉತ್ಪಾದಿಸುವುದಿಲ್ಲ. ಬಾಟಲಿಯನ್ನು ಕಪ್ಪಾಗಿಸುವುದು ಅದರ ಜೊತೆಯಲ್ಲಿಯೇ ಮಲದಲ್ಲಿರುವ ಸಿಟ್ರೊಬ್ಯಾಕ್ಟರ್, ಪ್ರೋಟಿಯಸ್, ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂಗಳಂಥವು. ಕೆಸರು ತುಂಬಿದ ಹಳೆಯ ಬಾವಿಗಳಲ್ಲಿ ಮಲದ ಸಂಬಂಧವೇ ಇಲ್ಲದ, ಸಲ್ಫೇಟ್ ತಿಂದು ಬದುಕುವ ಬ್ಯಾಕ್ಟೀರಿಯಾಗಳಿಂದಲೂ ಕಪ್ಪು ಬರಬಹುದು. ವೈರಸ್ಸಿನ ಬಗ್ಗೆ ಬಾಟಲಿ ಏನೂ ಹೇಳದು, ಮತ್ತು ವೈರಸ್ಸು ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ಚಿಕ್ಕದಾದ್ದರಿಂದ ಬ್ಯಾಕ್ಟೀರಿಯಾವನ್ನು ತಡೆದ ಮರಳು ಅದನ್ನೂ ತಡೆಯಿತೆಂದು ನಂಬಲಾಗದು. ಕೊಳಚೆಯಿಂದ ಬರುವ ನೈಟ್ರೇಟ್‌ನ ವಿಷಯವಂತೂ ಬೇರೆಯೇ. ಅದು ನೀರಿನಲ್ಲಿ ಕರಗಿ ಸಾಗುವ ವಸ್ತು, ಅದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಬಾಟಲಿ ಕಪ್ಪಾದರೆ ನಂಬಿ ಎಚ್ಚರಗೊಳ್ಳಬಹುದು, ತಿಳಿಯಾಗಿ ಉಳಿದರೆ ಆ ದಿನದ ಮಟ್ಟಿಗೆ ಮಾತ್ರ ನಂಬಬಹುದು.

ಎರೆಭೂಮಿಯವರಿಗೆ ಒಂದು ಮಾತು. ಕಪ್ಪು ಮಣ್ಣಿನ ಜೇಡಿಗೆ ಒಂದು ಗ್ರಾಂಗೆ ನೂರಾರು ಚದರ ಮೀಟರ್ ಹೊರಮೈ ಇರುತ್ತದೆ, ನೆನೆದು ಉಬ್ಬಿದಾಗ ಅದು ಬ್ಯಾಕ್ಟೀರಿಯಾಕ್ಕೆ ಗಟ್ಟಿಯಾದ ತಡೆ. ಆದರೆ ಬೇಸಿಗೆಯಲ್ಲಿ ಅದೇ ನೆಲ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿರುವಾಗ ಬೀಳುವ ಮೊದಲ ಮಳೆ ಬಿರುಕಿನಲ್ಲಿಯೇ ಇಳಿಯುತ್ತದೆ. ಅಲ್ಲಿಯವರು ಬಾಟಲಿ ತೆಗೆಯಬೇಕಾದದ್ದು ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ. ನಮ್ಮವರು ಮಳೆ ಹಿಡಿದ ಮೊದಲ ವಾರದಲ್ಲಿ ಮತ್ತು ಆಟಿ ತಿಂಗಳ (ಜುಲೈ-ಆಗಸ್ಟ್) ನಡುವೆ. ವರ್ಷಕ್ಕೆ ಒಂದೇ ಬಾಟಲಿ ಬಳಸುವವರು ಅದನ್ನು ಬೇಸಿಗೆಯಲ್ಲಿ ಬಳಸಿ ವ್ಯರ್ಥ ಮಾಡಬಾರದು.

ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿರುವುದರಿಂದ, ಕೊಳ್ಳುವ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಈ ಬಾಟಲಿಗಳಿವೆಯೇ ಎಂದು ಕೇಳುವುದು ಒಳ್ಳೆಯದು. ನನ್ನ ಪೆಟ್ಟಿಗೆಯೊಳಗಿನ ಸೂಚನಾಪತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು, ಅಕ್ಷರ ಬಹಳ ಸಣ್ಣದು. ಯಾವ ಋತುವಿನಲ್ಲಿ ಪರೀಕ್ಷಿಸಬೇಕೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಈ ಕಾರಣಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಪ್ಪಾದ ಬಾಟಲಿಯಲ್ಲಿ ಬೆಳೆದಿರುವುದು ಬಾವಿಯಲ್ಲಿದ್ದುದಕ್ಕಿಂತ ಎಷ್ಟೋ ಲಕ್ಷ ಪಟ್ಟು ಹೆಚ್ಚಿನ ಬ್ಯಾಕ್ಟೀರಿಯಾ. ಅದನ್ನು ತೆರೆದು ಮೂಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬ್ಲೀಚಿಂಗ್ ಪುಡಿಯ ದ್ರಾವಣ ಸುರಿದು ಕೆಲವು ಗಂಟೆ ಬಿಟ್ಟು, ಬಾವಿಯಿಂದ ದೂರ ತಗ್ಗಿನ ಕಡೆಗೆ ಚೆಲ್ಲಿ, ಕೈ ತೊಳೆದುಕೊಳ್ಳಿ.