ಲಕ್ವ ಹೊಡೆದ ಕೈಗೆ ಊಟದ ಸಲಕರಣೆ: ಮುದ್ದೆ ಉಣ್ಣುವ ಮನೆಯಲ್ಲಿ ಬಳಸಿ ನೋಡಿದಾಗ

ಪಾರ್ಶ್ವವಾಯುವಿನಿಂದ ಬಲಗೈಯ ಹಿಡಿತ ಕಳೆದುಕೊಂಡ ನನ್ನ ಅತ್ತೆಯವರಿಗಾಗಿ ಕೋಲಾರದ ಸರ್ಜಿಕಲ್ ಅಂಗಡಿಯೊಂದರಿಂದ ದಿನಬಳಕೆಯ ಸಲಕರಣೆಗಳ ಸೆಟ್ ಒಂದನ್ನು ತಂದೆವು. ಅಂಗೈಗೆ ಕಟ್ಟುವ ಪಟ್ಟಿ, ದಪ್ಪ ಹಿಡಿಯ ಚಮಚ, ತಟ್ಟೆಯ ಅಂಚಿಗೆ ಸಿಕ್ಕಿಸುವ ತಡೆ, ಗುಂಡಿ ಹಾಕುವ ಕೊಕ್ಕೆ ಇವಿಷ್ಟು ಅದರಲ್ಲಿದ್ದವು. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಸಾಮಾನ್ಯವಾಗಿ ಸೂಚಿಸುವ ವಸ್ತುಗಳೇ ಇವು. ಆದರೆ ಸೆಟ್ಟನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಮೇಜಿನ ಮೇಲಿನ ಅಗಲ ಅಂಚಿನ ಪಿಂಗಾಣಿ ತಟ್ಟೆಯೇ ಹೊರತು, ಮುದ್ದೆ, ಬಸ್ಸಾರು ಬಡಿಸಿದ ಸ್ಟೀಲ್ ತಟ್ಟೆಯಲ್ಲ.

ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ್ದು ಅಂಗೈಪಟ್ಟಿ. ಅಂಗಡಿಯವರು ಇದನ್ನು ಯೂನಿವರ್ಸಲ್ ಕಫ್ ಎನ್ನುತ್ತಾರೆ. ವೆಲ್ಕ್ರೋದಿಂದ ಅಂಗೈಯನ್ನು ಸುತ್ತುವ ಈ ಪಟ್ಟಿಯ ಒಳಮಗ್ಗುಲಲ್ಲಿ ಒಂದು ಸಣ್ಣ ಜೇಬಿದೆ. ಚಮಚದ ಹಿಡಿಯನ್ನು ಅದರೊಳಗೆ ತೂರಿಸಿದರೆ ಬೆರಳು ಮಡಿಸಲಾಗದವರೂ ಭುಜ ಮತ್ತು ಮೊಣಕೈಯ ಬಲದಿಂದಲೇ ತುತ್ತನ್ನು ಬಾಯಿಗೆ ತರಬಹುದು. ತೋಳು ಎತ್ತಲು ಆಗದವರಿಗೆ ಮಾತ್ರ ಇದರಿಂದ ಉಪಯೋಗವಿಲ್ಲ. ಲಕ್ವ ಹೊಡೆದ ಕೈಗೆ ಸ್ಪರ್ಶಜ್ಞಾನ ಕಡಿಮೆಯಿರುವುದುಂಟು, ಬಿಗಿ ಹೆಚ್ಚಾದರೂ ರೋಗಿಗೆ ತಿಳಿಯದೇ ಹೋಗಬಹುದು. ಹೀಗಾಗಿ ಪ್ರತಿ ಸಲ ಬಿಚ್ಚಿದ ಮೇಲೆ ಚರ್ಮದ ಮೇಲೆ ಕೆಂಪು ಗುರುತು ಉಳಿದಿದೆಯೇ ಎಂದು ನೋಡಲೇಬೇಕು. ಸೆಟ್ಟಿನ ಜೊತೆಗಿದ್ದ ಇಂಗ್ಲಿಷ್ ಚೀಟಿಯಲ್ಲಿ ಈ ಎಚ್ಚರಿಕೆಯೇ ಇರಲಿಲ್ಲ. ಅದನ್ನು ಹೇಳಿಕೊಟ್ಟದ್ದು ಥೆರಪಿಸ್ಟ್.

ಅನ್ನ, ಉಪ್ಪಿಟ್ಟಿಗೆ ಒದಗಿದ ಪಟ್ಟಿ ಮುದ್ದೆಯ ಮುಂದೆ ಸೋತಿತು. ಚಮಚಕ್ಕೆ ಮುದ್ದೆ ಅಂಟಿಕೊಂಡರೆ ಬಾಯಿಗೆ ಹೋದದ್ದೆಲ್ಲ ಹಾಗೆಯೇ ಹಿಂದಿರುಗುತ್ತದೆ. ಎಡಗೈಯಲ್ಲಿ ಮುರಿದುಕೊಳ್ಳಬಹುದಲ್ಲ ಎಂದರೆ, “ಎಡಗೈಲಿ ಉಣ್ಣೋದಾ? ಅದಕ್ಕಿಂತ ಉಪವಾಸ ಇರ್ತೀನಿ ಬಿಡಮ್ಮ” ಎಂದು ಅತ್ತೆಯವರು ಮುಖ ತಿರುಗಿಸಿದರು. ಥೆರಪಿಸ್ಟ್ ವಾದಕ್ಕೆ ಇಳಿಯಲಿಲ್ಲ. ಮುದ್ದೆಯನ್ನು ಮೊದಲೇ ಗೋಲಿಯಷ್ಟು ಸಣ್ಣ ಉಂಡೆ ಮಾಡಿ ಸಾರಿನಲ್ಲಿ ಹಾಕಿಡುವುದು, ಚಮಚವನ್ನೂ ಒಮ್ಮೆ ಸಾರಿಗೆ ಅದ್ದಿಕೊಳ್ಳುವುದು, ಇಷ್ಟನ್ನೇ ಹೇಳಿದರು. ಅದು ನಡೆಯಿತು. ಆದರೆ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಲಕ್ವದ ನಂತರ ನುಂಗುವ ಶಕ್ತಿಯನ್ನು ತಜ್ಞರು ಪರೀಕ್ಷಿಸಿ ಒಪ್ಪುವವರೆಗೆ ಯಾವ ಸಲಕರಣೆಯಿಂದಲೂ ಮುದ್ದೆ ತಿನ್ನಿಸಬಾರದು.

ದಪ್ಪ ಹಿಡಿಯ ಚಮಚ ಚೆನ್ನಾಗಿದೆ, ಬೆಲೆ ಹೆಚ್ಚು. ಎ.ಸಿ. ಕೊಳವೆಗೆ ಸುತ್ತುವ ಕಪ್ಪು ಫೋಮ್ ಒಂದು ಗೇಣಷ್ಟು ತಂದು ಮನೆಯ ಚಮಚಕ್ಕೇ ತೊಡಿಸಿದರೆ ಅದೇ ಕೆಲಸ ಆಗುತ್ತದೆ, ತೊಳೆಯುವಾಗ ಕಳಚಲೂಬಹುದು. ತಟ್ಟೆಯ ತಡೆಯಂತೂ ದಂಡ. ನಮ್ಮ ಸ್ಟೀಲ್ ತಟ್ಟೆಗಳ ಸುತ್ತಿದ ಅಂಚಿಗೆ ಅದರ ಕ್ಲಿಪ್ ಕೂರುವುದೇ ಇಲ್ಲ. ನೇರ ಗೋಡೆಯ ಅಗಲ ಬೋಗುಣಿಯ ಕೆಳಗೆ ಒದ್ದೆ ಬಟ್ಟೆ ಹಾಸಿದ ಮೇಲೆ ತುತ್ತೂ ಚೆಲ್ಲಲಿಲ್ಲ, ಬೋಗುಣಿಯೂ ಜಾರಲಿಲ್ಲ.

ಗುಂಡಿ ಕೊಕ್ಕೆಯ ತಂತಿ ಕುಣಿಕೆಯನ್ನು ಕಾಜಾದೊಳಗಿಂದ ತೂರಿಸಿ, ಗುಂಡಿಗೆ ಸಿಕ್ಕಿಸಿ ಎಳೆದರೆ ಒಂದೇ ಕೈಯಲ್ಲಿ ಅಂಗಿ ತೊಡಬಹುದು. ರವಿಕೆಯ ಹುಕ್ಕಿಗೆ ಇದು ಬರುವುದಿಲ್ಲ. ಹಾಗಾಗಿ ಅತ್ತೆಯವರ ಕೊಕ್ಕೆ ಈಗ ಸಂಧಿವಾತದಿಂದ ಬೆರಳು ಸೆಟೆದಿರುವ ಮಾವನವರ ಪಾಲಾಗಿದೆ. ಅವರು ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ಅಂಗಡಿಯವರ ಮಾತು ಮೃದು, ವ್ಯವಹಾರ ಬಿಗಿ. ಬಿಡಿಯಾಗಿ ಮಾರುವುದಿಲ್ಲ, ತಡೆಯನ್ನು ಹಿಂದಕ್ಕೆ ಪಡೆಯಲೂ ಇಲ್ಲ. ಅಂಗೈಪಟ್ಟಿಯೊಂದೇ ಬಿಡಿಯಾಗಿ ಸಿಗುವ ಕಡೆ ಕೊಳ್ಳುವುದು ಲೇಸು; ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆಯನ್ನು ದಾರದಿಂದ ಅಳೆದುಕೊಂಡು ಹೋಗಿ. ಗಾಲಿಕುರ್ಚಿ, ಊರುಗೋಲಿನಂಥ ದೊಡ್ಡ ವಸ್ತುಗಳಿಗೆ ಅಂಗಡಿಯಲ್ಲಿ ಹಣ ಸುರಿಯುವ ಮುನ್ನ ಅಂಗವಿಕಲರಿಗೆ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯನ್ನು ವಿಚಾರಿಸಬೇಕು. ಅದಕ್ಕೆ ಕನಿಷ್ಠ ಶೇಕಡ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಇದೆ. ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಯಾವ ಕಾಗದ ಎಲ್ಲಿ ಕೊಡಬೇಕೆಂಬುದನ್ನು ತಿಳಿಸುತ್ತಾರೆ.